ಸೇತುವೆಯ ಮೇಲೆ ನಿಂತ ಮಿಂಚುಳ್ಳಿ

ದೊಡ್ಡಬಳ್ಳಾಪುರ
8 ಜೂನ್ 2024, ಶನಿವಾರ

ಮೇಘನ,

ಆಶೀರ್ವಾದ ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಸಿಟ್ಟು ಬಂದರೆ ಮರೆತುಹೋಗುತ್ತದೆ.

ನೀನೂ ನಿಮ್ಮಮ್ಮನೂ ಈ ಮನೆ ಬಿಟ್ಟು ಅರಿಶಿನಕುಂಟೆಗೆ ಹೋಗಿ ತಿಂಗಳ ಮೇಲಾಯಿತು. ನಿಮ್ಮಪ್ಪ ಪ್ರತಿ ಭಾನುವಾರ ಅಲ್ಲಿಗೆ ಬಂದು ಹೋಗುತ್ತಾನೆ. ಕೇಳಿದರೆ ಚೆನ್ನಾಗಿದ್ದಾರೆ ಅಂತ ಕೈ ಆಡಿಸಿ ತೋರಿಸುತ್ತಾನೆ, ಅಷ್ಟೇ. ಫೋನ್ ಮಾಡೋಣವೆಂದರೆ ಐವತ್ತು ವರ್ಷ ಪವರ್‌ಲೂಮ್ ಸದ್ದು ತಿಂದ ಕಿವಿ ಇದು. ನೀನು ಮಾತಾಡಿದರೂ ನನಗೆ ಕೇಳಿಸದು. ನೀನು ಮಾತಾಡುವುದೂ ಇಲ್ಲವಂತೆ. ಅದಕ್ಕೇ ಕಾಗದ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಪ್ಪು ಕಂಡರೆ ತಿದ್ದಿಕೊಂಡು ಓದು.

ಆವತ್ತಿನ ವಿಷಯ ಎತ್ತಬಾರದು ಅಂದುಕೊಂಡೇ ಕೂತೆ. ಆದರೂ ಬರುತ್ತದೆ. ಮದುವೆಯ ಸೀರೆ ಅದು. ಎರಡನೇ ನಂಬರ್ ಮಗ್ಗ ಅರ್ಧ ಗಂಟೆ ನೋಡಿಕೋ ಅಂತ ಹೇಳಿ ಬಣ್ಣದ ಅಂಗಡಿಗೆ ಹೋದೆ. ನೀನು ಆ ಆಟದ ಪುಸ್ತಕದಲ್ಲಿ ಮುಖ ಹುದುಗಿಸಿ ಕೂತೆ. ಎಳೆ ಕಡಿದದ್ದು ನಿನಗೆ ಕಾಣಲಿಲ್ಲ. ಒಂದು ಎಳೆ ಪಕ್ಕದ್ದಕ್ಕೆ ಸುತ್ತಿಕೊಂಡು ನಲವತ್ತು ಎಳೆ ಕಡಿದವು. ನಾನು ಬರುವ ಹೊತ್ತಿಗೆ ನಡುಮಧ್ಯೆ ಒಂದು ಮೊಳ ಹಾಳು. ನಡುವೆ ಒಂದು ಮೊಳ ಹಾಳಾದ ಸೀರೆ ಸೀರೆಯಲ್ಲ. ಪುಸ್ತಕ ತಗೊಂಡು ಹೋಗಿ ಬಚ್ಚಲೊಲೆಗೆ ಹಾಕಿದೆ. ಹಾಕಿದ್ದು ಹಾಕಿದ್ದೇ. ಅದು ನೀನು ಎರಡು ವರ್ಷ ಕೂತು ಬರೆದದ್ದು ಅಂತ ನನಗೆ ಯಾರು ಹೇಳಿದ್ದರು.

ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಹಿಂದಿನ ಬೀದಿಯ ನಿನ್ನ ಗೆಳತಿ ಅಕ್ಷತ ದಿನಾ ಸಂಜೆ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ನನಗೆ ಕೇಳಲೆಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ.

"ತಾತ, ಮಿಂಚುಳ್ಳಿ ಏನಾದ್ಲು?"

"ಯಾವ ಮಿಂಚುಳ್ಳಿ?"

"ನಾನೇ."

"ನೀನು ಅಕ್ಷತ ಅಲ್ವೇನೇ?"

"ಆಟದಲ್ಲಿ ನಾನು ಮಿಂಚುಳ್ಳಿ. ಸೇತುವೆ ಮೇಲೆ ನಿಂತಿದೀನಿ. ಹಗ್ಗ ಅರ್ಧ ಕಡಿದಿದೆ."

ಕೂರಿಸಿ ಕೇಳಿದೆ. ಒಬ್ಬಳು ಕಥೆ ಹೇಳುತ್ತಾಳಂತೆ, ಅದು ನೀನು. ಮಿಕ್ಕವರು ಕಥೆಯೊಳಗೆ ಒಬ್ಬೊಬ್ಬರಾಗಿ ನಡೆಯುತ್ತಾರಂತೆ. ಏನು ಮಾಡಬೇಕು ಅಂತ ಅವರೇ ಹೇಳುತ್ತಾರೆ, ಅದು ಕೈಗೂಡಿತೋ ಇಲ್ಲವೋ ಅಂತ ದಾಳ ಉರುಳಿಸಿ ನೋಡುತ್ತಾರೆ. ಕರೆಂಟ್ ಹೋಗಿ ಮಗ್ಗ ನಿಂತಾಗ ನೀನು, ಇವಳು, ಆ ಅಮರ, ಮೂವರೂ ಅಟ್ಟದ ಮೆಟ್ಟಿಲ ಮೇಲೆ ಕೂತು ಗುಸುಗುಸು ಅನ್ನುತ್ತಿದ್ದುದು ಇದು ಅಂತ ಈಗ ತಿಳಿಯಿತು. ಇವಳು ಕಣಿವೆಯ ಮೇಲೆ ಹಗ್ಗದ ಸೇತುವೆ ದಾಟುತ್ತಿದ್ದಳಂತೆ. ಹಗ್ಗ ಕಡಿಯತೊಡಗಿತಂತೆ. ದಾಳ ಉರುಳಿಸುವಷ್ಟರಲ್ಲಿ ಕರೆಂಟ್ ಬಂತು, ಮಗ್ಗ ಶುರುವಾಯಿತು, ನೀವು ಎದ್ದಿರಿ. ಮಾರನೇ ದಿನ ಪುಸ್ತಕ ಒಲೆಗೆ ಹೋಯಿತು.

ಅಂದಿನಿಂದ ಈ ಹುಡುಗಿ ಅಲ್ಲೇ ನಿಂತಿದ್ದಾಳೆ. ನನ್ನ ತಲೆ ತಿನ್ನುತ್ತಾಳೆ. ಅವಳು ಬಿದ್ದಳೋ ದಾಟಿದಳೋ, ಒಂದು ಸಾಲು ಬರೆದು ನಿಮ್ಮಪ್ಪನ ಕೈಲಿ ಕಳಿಸು.

ನಿಮ್ಮಜ್ಜಿ ಇಕ್ಕಳ ಹಾಕಿ ಒಲೆಯಿಂದ ಹನ್ನೊಂದು ಹಾಳೆ ಎಳೆದಿದ್ದಾಳೆ. ಅಂಚೆಲ್ಲ ಸುಟ್ಟಿದೆ. ಅಕ್ಕಿ ಡಬ್ಬದ ಮೇಲಿಟ್ಟಿದ್ದಾಳೆ. ನನಗೆ ಮುಟ್ಟಗೊಡುವುದಿಲ್ಲ.

ನಿನ್ನ ತಾತ,
ಕೋದಂಡರಾಮಯ್ಯ


ಅರಿಶಿನಕುಂಟೆ
23 ಜೂನ್ 2024

ತಾತ,

ಪುಸ್ತಕದಲ್ಲಿ 214 ಪುಟ ಇತ್ತು. ಅದರ ಮೇಲೆ ದಾಳಗಳ ಚೀಲ ಇತ್ತು. ಇಪ್ಪತ್ತು ಮುಖದ ನೀಲಿ ದಾಳ ಅದು, ಬೆಂಗಳೂರಿಂದ ತರಿಸಿದ್ದು. ಅದೂ ಒಲೆಯಲ್ಲಿ ಕರಗಿಹೋಯಿತು. ನಿಯಮ ಎಲ್ಲ ಅದರಲ್ಲೇ ಇತ್ತು. ನನಗೆ ಬಾಯಿಪಾಠ ಇಲ್ಲ.

ಪುಸ್ತಕ ಇಲ್ಲ ಅಂದ ಮೇಲೆ ಆಟ ಇಲ್ಲ. ಮಿಂಚುಳ್ಳಿ ಸತ್ತಳು ಅಂತ ಅಕ್ಷತಾಗೆ ಹೇಳಿಬಿಡು. ಅಮರ್‌ಗೂ ಹೇಳು. ಎಲ್ಲರೂ ಸತ್ತರು.

ಹೊಸ ಸ್ಕೂಲಿಗೆ ಸೇರಿದೀನಿ. ಒಂಬತ್ತನೇ ಕ್ಲಾಸು, ಬಿ ಸೆಕ್ಷನ್. ನೀನು ಕಾಗದ ಬರೆಯೋದು ಬೇಡ.

ಮೇಘನ

ಆ ಹನ್ನೊಂದು ಹಾಳೆಯಲ್ಲಿ ಸೇತುವೆಯ ನಕ್ಷೆ ಇದೆಯಾ?


ದೊಡ್ಡಬಳ್ಳಾಪುರ
29 ಜೂನ್ 2024

ಮೇಘನ,

ಬೇಡ ಅಂದರೂ ಬರೆಯುತ್ತಿದ್ದೇನೆ. ಓದುವುದು ಬಿಡುವುದು ನಿನ್ನಿಷ್ಟ.

ಸೇತುವೆಯ ನಕ್ಷೆ ಅರ್ಧ ಇದೆ. ಈಚೆ ದಡ ಉಳಿದಿದೆ, ಆಚೆ ದಡ ಬೂದಿ.

ಅಕ್ಷತಾಗೆ ಸತ್ತಳು ಅಂತ ಹೇಳಲಿಲ್ಲ. ವ್ಯಾಪಾರದಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ, ಇದು ನನ್ನ ಬಾಯಲ್ಲಿ ಬರಲಿಲ್ಲ. ಮೇಘನ ಯೋಚನೆ ಮಾಡುತ್ತಿದ್ದಾಳಂತೆ ಅಂದೆ. ಅವಳು ನಂಬಲಿಲ್ಲ. ಅಜ್ಜಿಯ ಅಪ್ಪಣೆ ಪಡೆದು ಹಾಳೆಗಳನ್ನು ಅವಳ ಕೈಲಿ ಓದಿಸಿದೆ. ಬೀಗ ತೆಗೆಯುವ ನಿಯಮ ಅಂತ ಒಂದು ಇಡೀ ಪುಟ ಬರೆದಿದ್ದೀಯ. ದಾಳ ಉರುಳಿಸಬೇಕು, ಬಂದದ್ದಕ್ಕೆ ಕೈಬಲ ಕೂಡಿಸಬೇಕು, ಬೀಗದ ಗಟ್ಟಿತನ ಕಳೆಯಬೇಕು, ಕತ್ತಲಿದ್ದರೆ ಇನ್ನೆರಡು ಕಳೆಯಬೇಕು, ಕೈಗೆ ಗಾಯವಾಗಿದ್ದರೆ ಅರ್ಧ ಮಾಡಬೇಕು. ಅಷ್ಟು ಹೊತ್ತಿಗೆ ಬೀಗದ ಯಜಮಾನ ಊಟ ಮುಗಿಸಿ ಬಂದಿರುತ್ತಾನೆ ಕಣೇ. ಇದನ್ನು ಆಡುತ್ತಿದ್ದಿರೋ ಲೆಕ್ಕದ ಪರೀಕ್ಷೆ ಬರೆಯುತ್ತಿದ್ದಿರೋ. ಅಕ್ಷತಾಳನ್ನು ಕೇಳಿದೆ. ಅವಳೂ ಅಮರನೂ ನಿಯಮಕ್ಕೇ ಜಗಳವಾಡುತ್ತಿದ್ದರಂತೆ, ಒಂದು ಸಲ ಅವನು ಎರಡು ವಾರ ಬರಲೇ ಇಲ್ಲವಂತೆ.

ನನಗೆ ಗೊತ್ತಿರುವುದು ಚೌಕಾಬಾರ ಒಂದೇ. ನಮ್ಮಮ್ಮನ ಮನೆಯಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವ ಹಾಗಿರಲಿಲ್ಲ. ನಿಮ್ಮಜ್ಜಿ ನಾರಾಯಣಮ್ಮನ ತವರಲ್ಲಿ ಆ ಕಟ್ಟು ಇರಲಿಲ್ಲ. ಮದುವೆಯಾದ ವರ್ಷ ಇದೇ ವಿಷಯಕ್ಕೆ ನನ್ನ ಜೊತೆ ಮೂರು ದಿನ ಮಾತು ಬಿಟ್ಟಿದ್ದಳು. ಕೊನೆಗೆ ಈ ಮನೆಗೆ ಅಂತ ಒಂದು ನಿಯಮ ಮಾಡಿಕೊಂಡೆವು. ಯಾವ ಕಟ್ಟು ಇದೆ, ಯಾವುದು ಇಲ್ಲ, ಕೂರುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಆಟದ ನಡುವೆ ಹೊಸದು ಹುಟ್ಟಿಸಬಾರದು.

ಈ ಕವರಿನಲ್ಲಿ ನಾಲ್ಕು ಹುಣಸೆ ಬೀಜ ಇದೆ. ನಿಮ್ಮಪ್ಪ ದೇವನಹಳ್ಳಿ ಕಡೆ ಹೋಗಿದ್ದಾಗ ನಲ್ಲೂರಿನ ಹಳೇ ತೋಪಿನಿಂದ ಆರಿಸಿ ತಂದ. ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ್ದೇನೆ. ನಿನ್ನ ನೀಲಿ ದಾಳದ ಬದಲಿಗೆ ಇವನ್ನು ಹಾಕು. ಎರಡಾದರೂ ಬಿಳಿ ಬಿದ್ದರೆ ಕೆಲಸ ಆಯಿತು, ಇಲ್ಲವಾದರೆ ಇಲ್ಲ. ಮುಗಿಯಿತು. ಕೂಡುವುದೂ ಬೇಡ, ಕಳೆಯುವುದೂ ಬೇಡ.

ತಾತ


ಅರಿಶಿನಕುಂಟೆ
21 ಜುಲೈ 2024

ತಾತ,

ನಿನಗೆ ಈ ಆಟ ಅರ್ಥ ಆಗಿಲ್ಲ. ಆಯಿತು, ಇಲ್ಲ, ಅಂತ ಎರಡೇ ಇದ್ದರೆ ಕಥೆ ಎಲ್ಲಿಂದ ಬರುತ್ತೆ?

ನಿನ್ನ ಬೀಜ ನೂರು ಸಲ ಹಾಕಿ ಬರೆದಿಟ್ಟೆ. ನಾಲ್ಕೂ ಬಿಳಿ ಆರು ಸಲ. ಮೂರು ಬಿಳಿ ಇಪ್ಪತ್ನಾಲ್ಕು. ಎರಡು ಬಿಳಿ ಮೂವತ್ತೇಳು. ಒಂದು ಬಿಳಿ ಇಪ್ಪತ್ತಾರು. ನಾಲ್ಕೂ ಕಪ್ಪು ಏಳು. ಅದಕ್ಕೇ ಒಂದು ಬಿಳಿ ಬಿದ್ದರೆ ಕೆಲಸ ಆಗಬೇಕು, ಆದರೆ ಏನಾದರೂ ಕಳೆದುಕೊಳ್ಳಬೇಕು. ದೀಪ ಆರಬೇಕು, ಚಾಕು ಬೀಳಬೇಕು, ಕಾವಲುಗಾರ ಎದ್ದುಬಿಡಬೇಕು. ನಾಲ್ಕೂ ಕಪ್ಪು ಬಿದ್ದರೆ ಸಾವು. ಸಾಯೋದು ಇಲ್ಲದೇ ಇದ್ದರೆ ಯಾರಿಗೂ ಭಯ ಇರಲ್ಲ. ಭಯ ಇಲ್ಲದೇ ಇದ್ದರೆ ಅದು ಚೌಕಾಬಾರ.

ಇಲ್ಲಿ ಆಡೋಕೆ ಯಾರೂ ಇಲ್ಲ. ನಾನೇ ಕಥೆ ಹೇಳಿ ನಾನೇ ಬೀಜ ಹಾಕ್ತೀನಿ. ಊಟದ ಬೆಲ್ ಹೊಡೆದಾಗ ಎಲ್ಲರೂ ಗುಂಪುಗುಂಪಾಗಿ ಕೂರ್ತಾರೆ. ನಾನು ನೀರಿನ ತೊಟ್ಟಿ ಹತ್ತಿರ ಕೂರ್ತೀನಿ.

ಹಳೇ ಸ್ಕೂಲಿನ ಟಿಸಿ ಆಗಸ್ಟ್ 31ರೊಳಗೆ ಕೊಡಬೇಕಂತೆ. ಕೊಟ್ಟರೆ ಇಲ್ಲೇ ಖಾಯಂ. ಕೊಡದಿದ್ದರೆ ಹೆಸರು ತೆಗೀತಾರೆ, ವಾಪಸ್ ಬರಬೇಕು. ಅಮ್ಮ ನಿನ್ನಿಷ್ಟ ಅಂದಳು. ನನಗೆ ಗೊತ್ತಿಲ್ಲ ಅಂದೆ.

ಮೇಘನ


ದೊಡ್ಡಬಳ್ಳಾಪುರ
27 ಜುಲೈ 2024

ಮೇಘನ,

ಒಂದು ಬಿಳಿ ಬಿದ್ದರೆ ಏನಾದರೂ ಕಳೆದುಕೊಂಡು ಕೆಲಸ ಆಗುವುದು, ಅದು ಸರಿ. ಒಪ್ಪಿದೆ. ಬದುಕಿನಲ್ಲಿ ಹೆಚ್ಚಿನ ಕೆಲಸ ಹಾಗೇ ಆಗುವುದು. ಇದನ್ನು ನೀನು ಹದಿನಾಲ್ಕು ವರ್ಷಕ್ಕೇ ಹೇಗೆ ಕಂಡುಕೊಂಡೆಯೋ.

ಸಾವು ಒಪ್ಪುವುದಿಲ್ಲ. ನಾಲ್ಕು ಬೀಜ ಮಗುಚಿ ಬಿದ್ದವು ಅಂತ ಒಂದು ಜೀವ ಯಾಕೆ ಹೋಗಬೇಕು. ನೂರರಲ್ಲಿ ಏಳು ಸಲ ಅಂದರೆ ಕಮ್ಮಿಯೇನೇ. ನನಗೆ ಸೇತುವೆಯ ಮೇಲಿನ ಆ ಹುಡುಗಿ ಕಣ್ಣ ಮುಂದೆ ಬರುತ್ತಾಳೆ. ಅನ್ನ ಕಲಸುವಾಗಲೂ ಬರುತ್ತಾಳೆ. ನಿಮ್ಮಜ್ಜಿಗೆ ಹೇಳಿದರೆ, "ನೋಡಿದ್ರಾ, ಬೆಂಕಿಗೆ ಹಾಕೋವಾಗ ಬರಲಿಲ್ಲ, ಈಗ ಬರ್ತಾಳೆ" ಅಂದಳು. ಇದು ಮಾತ್ರ ನನಗೆ ಪಕ್ಕನೆ ಕೇಳಿಸಿತು.

ಮಗ್ಗದಲ್ಲಿ ನಮಗೊಂದು ಪದ್ಧತಿ ಇದೆ. ಎಳೆ ಕಡಿದರೆ ಮೊದಲು ಮಗ್ಗ ನಿಲ್ಲಿಸು. ಯಾರು ಕಡಿದರು, ಹೇಗೆ ಕಡಿಯಿತು, ಅದನ್ನೆಲ್ಲ ಆಗ ಕೇಳಬಾರದು. ಹತ್ತಿರ ಯಾರಿದ್ದಾರೋ ಅವರು ಗಂಟು ಹಾಕಬೇಕು. ಗಂಟು ಬಿದ್ದ ಮೇಲೆ ಮಗ್ಗ ಬಿಡು. ಬೈಯುವುದಿದ್ದರೆ ಸಂಜೆ ಬೈಯಿ. ನಾಲ್ಕೂ ಕಪ್ಪು ಬಿದ್ದರೆ ಇದೇ ನಿಯಮ ಇರಲಿ. ಎಳೆ ಕಡಿಯಿತು ಅಂತ ಹೇಳಿ ಆಟ ನಿಲ್ಲಿಸುವುದು. ಕೂತಿರುವ ಒಬ್ಬೊಬ್ಬರೂ ತಮ್ಮದೊಂದನ್ನು ಬಿಟ್ಟುಕೊಟ್ಟು ಗಂಟು ಹಾಕುವುದು. ಕತ್ತಿಯೋ, ಮಂತ್ರವೋ, ಕುದುರೆಯೋ, ಬಿಟ್ಟರೆ ಆಮೇಲೆ ಸಂಕಟವಾಗುವಂಥದ್ದು. ಎಲ್ಲರೂ ಕೊಟ್ಟರೆ ಜೀವ ಉಳಿಯಿತು. ಒಬ್ಬರು ಕೊಡುವುದಿಲ್ಲ ಅಂದರೂ ಹೋಯಿತು. ಭಯ ಬೇಕು ಅಂದೆಯಲ್ಲ, ಇದರಲ್ಲಿ ಭಯ ಇಲ್ಲವೇ. ಜೊತೆಯವರು ಕೊಡುತ್ತಾರೋ ಇಲ್ಲವೋ ಅನ್ನುವ ಭಯ ಸಾಯುವ ಭಯಕ್ಕಿಂತ ದೊಡ್ಡದು.

ಇನ್ನೊಂದು. ಅನುಮಾನ ಇದ್ದಾಗ ಮಾತ್ರ ಬೀಜ ಹಾಕಿ. ನೇಕಾರನಿಗೆ ಲಾಳಿ ತುಂಬಲು ಬೀಜ ಹಾಕುವುದು ಬೇಕಿಲ್ಲ. ಮಿಂಚುಳ್ಳಿ ಕಳ್ಳಿಯಂತೆ, ಸಣ್ಣ ಬೀಗ ಅವಳು ಸುಮ್ಮನೆ ತೆಗೆಯಲಿ.

ನಿಯಮ ಎಷ್ಟಿದ್ದರೂ ಒಂದು ರಟ್ಟಿನ ಹಿಂದೆ ಹಿಡಿಸಬೇಕು. ಸೀರೆಯ ಡಿಸೈನಿಗೆ ಮಗ್ಗದ ಮೇಲೆ ಹಾಕುತ್ತೇವಲ್ಲ, ಆ ತೂತಿನ ಉದ್ದ ರಟ್ಟು. ತೂತಿಲ್ಲದ ಒಂದನ್ನು ಹುಡುಕಿ ಇಟ್ಟಿದ್ದೇನೆ. ನೀನು ಹೂಂ ಅಂದರೆ ಅಕ್ಷತಾಳ ಕೈಲಿ ದುಂಡಗೆ ಬರೆಸುತ್ತೇನೆ.

ಟಿಸಿ ವಿಷಯ ನಿಮ್ಮಪ್ಪ ನನಗೆ ಹೇಳಿರಲಿಲ್ಲ. ನಿನ್ನ ಕಾಗದದಿಂದಲೇ ಗೊತ್ತಾದದ್ದು. ನೀರಿನ ತೊಟ್ಟಿ ಹತ್ತಿರ ಕೂರಬೇಡ, ಜಾರುತ್ತದೆ.

ತಾತ


ಅರಿಶಿನಕುಂಟೆ
4 ಆಗಸ್ಟ್ 2024

ತಾತ,

ಎಳೆ ಕಡಿದರೆ ಮಗ್ಗ ನಿಲ್ಲಿಸು, ಯಾರು ಕಡಿದರು ಅಂತ ಕೇಳಬೇಡ, ಗಂಟು ಹಾಕು. ಒಳ್ಳೆ ನಿಯಮ. ಆವತ್ತು ನೀನು ಇದನ್ನೇ ಮಾಡಿದೆಯಾ?

ನಾನು ಒಂದು ವಾರದಿಂದ ಯೋಚಿಸ್ತಿದೀನಿ. ಮೂರನೇ ಕ್ಲಾಸಲ್ಲಿ ನನ್ನನ್ನು ಎತ್ತಿಕೊಂಡು ನೀನೇ ತೋರಿಸಿದ್ದೆ. ಎರಡನೇ ನಂಬರ್ ಮಗ್ಗದಲ್ಲಿ ಒಂದೊಂದು ಎಳೆಗೂ ಒಂದು ತಗಡಿನ ಪಟ್ಟಿ ನೇತಾಡುತ್ತೆ. ಎಳೆ ಕಡಿದರೆ ಪಟ್ಟಿ ಕೆಳಗೆ ಬೀಳುತ್ತೆ, ಪಟ್ಟಿ ಬಿದ್ದರೆ ಮಗ್ಗ ತಾನೇ ನಿಲ್ಲುತ್ತೆ. ಮನುಷ್ಯ ನೋಡದೇ ಇದ್ದರೂ ಮಗ್ಗ ನೋಡುತ್ತೆ ಅಂದಿದ್ದೆ.

ಆವತ್ತು ಮಗ್ಗ ಯಾಕೆ ನಿಲ್ಲಲಿಲ್ಲ?

ಅಪ್ಪನನ್ನು ಕೇಳಿದೆ. ಅಪ್ಪ ಎದ್ದು ಹೋಗಿ ಗಾಡಿ ಒರೆಸೋಕೆ ಶುರು ಮಾಡಿದರು. ಗಾಡಿ ಆಗಲೇ ಕ್ಲೀನಾಗಿತ್ತು.

ಬೀಜ ವಾಪಸ್ ಕಳಿಸಿದೀನಿ. ನಾಲ್ಕೂ ಇದೆ, ಎಣಿಸಿಕೋ.

ಮೇಘನ


ದೊಡ್ಡಬಳ್ಳಾಪುರ
24 ಆಗಸ್ಟ್ 2024

ಮೇಘನ,

ಮೂರು ವಾರದಲ್ಲಿ ನಾಲ್ಕು ಕಾಗದ ಬರೆದು ಹರಿದಿದ್ದೇನೆ. ಇದನ್ನು ಹರಿಯುವ ಮೊದಲು ನಿಮ್ಮಪ್ಪನ ಕೈಗೆ ಕೊಟ್ಟುಬಿಡಬೇಕು. ಆಶೀರ್ವಾದವನ್ನು ಕೊನೆಗೆ ಬರೆಯುತ್ತೇನೆ. ಮೇಲಿನದು ಓದಿ ನಿನಗೆ ಬೇಕೆನಿಸಿದರೆ ತಗೋ.

ಮಗ್ಗ ನಿಲ್ಲಲಿಲ್ಲ, ಯಾಕೆಂದರೆ ನಿಲ್ಲದ ಹಾಗೆ ನಾನು ಕಟ್ಟಿದ್ದೆ.

ಹಿಂದಿನ ದಿನ ಆ ಮಗ್ಗ ಐದು ನಿಮಿಷಕ್ಕೊಂದು ಸಲ ಸುಮ್ಮಸುಮ್ಮನೆ ನಿಲ್ಲುತ್ತಿತ್ತು. ಎಳೆ ಕಡಿದಿರುತ್ತಿರಲಿಲ್ಲ, ಆದರೂ ನಿಲ್ಲುತ್ತಿತ್ತು. ಪಟ್ಟಿಗಳ ನಡುವೆ ಧೂಳು ಕೂತಿತ್ತು. ಬಿಚ್ಚಿ ಒರೆಸಿದ್ದರೆ ಅರ್ಧ ದಿನದ ಕೆಲಸ. ಮದುವೆಯ ಸೀರೆ, ಎರಡು ದಿನದಲ್ಲಿ ಕೊಡಬೇಕು. ನನಗೆ ರೇಗಿತು. ನಿಲ್ಲಿಸುವ ಕಡ್ಡಿಗೆ ಒಂದು ಹಳದಿ ದಾರ ಸುತ್ತಿ ಬಿಗಿದೆ. ಆಮೇಲೆ ಅದು ನಿಲ್ಲಲಿಲ್ಲ. ಮಾರನೇ ದಿನ ನಿನ್ನನ್ನು ಅದರ ಮುಂದೆ ಕೂರಿಸುವಾಗ ನನಗೆ ಅದರ ನೆನಪೇ ಬರಲಿಲ್ಲ. ನಿನಗೆ ಹೇಳಲೂ ಇಲ್ಲ. ಮಗ್ಗ ನೋಡಿಕೊಳ್ಳುತ್ತದೆ ಅಂತ ನೀನು ನಂಬಿ ಕೂತೆ. ನಾನೇ ತಾನೇ ಹಾಗೆ ಕಲಿಸಿದವನು.

ಇನ್ನೂ ಇದೆ. ಬಣ್ಣದ ಅಂಗಡಿಯಿಂದ ಬಂದು, ಹಾಳಾದ ಸೀರೆ ನೋಡಿ, ಮಗ್ಗ ಆರಿಸಿದೆ. ಬಗ್ಗಿದೆ. ಮೊದಲು ಕಂಡದ್ದೇ ಆ ಹಳದಿ ಗಂಟು. ತಪ್ಪು ಯಾರದ್ದು ಅಂತ ಆಗಲೇ ತಿಳಿಯಿತು. ತಿಳಿದ ಮೇಲೆಯೇ ನಾನು ನಿನ್ನ ಪುಸ್ತಕ ಎತ್ತಿಕೊಂಡದ್ದು. ಇದು ನಿನಗೆ ಅರ್ಥವಾಗುತ್ತದೋ ಇಲ್ಲವೋ. ತಪ್ಪು ನನ್ನದು ಅಂತ ಗೊತ್ತಿಲ್ಲದೆ ಸುಟ್ಟಿದ್ದರೆ ಅದು ಬರೀ ಸಿಟ್ಟು. ಗೊತ್ತಿದ್ದು ಸುಟ್ಟೆ. ನೀನು ಅಳುತ್ತಾ ನಿಂತಿದ್ದೆ. ನಾನು ಒಲೆಯ ಮುಂದೆ ಕೂಗಾಡುತ್ತಾ ನಿಂತಿದ್ದೆ. ನಿಮ್ಮಮ್ಮ ಭಾನುಪ್ರಿಯಾ ಬಂದು, "ಮಾವ, ಸಾಕು" ಅಂದಳಂತೆ. ನನಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ನಿಲ್ಲಿಸುತ್ತಿರಲಿಲ್ಲ.

ನಿಮ್ಮಜ್ಜಿ ಆ ಗಂಟು ನೋಡಿದ್ದಳು. ನಿಮ್ಮಪ್ಪ ಸಂಜೆ ಅದನ್ನು ಬಿಚ್ಚಿ, ದಾರವನ್ನು ಕಿಟಕಿಯ ಮೇಲಿಟ್ಟ. ಮನೆಯಲ್ಲಿ ಮೂರು ಜನ, ಮೂವರಿಗೂ ಗೊತ್ತು. ಮೂರು ತಿಂಗಳು ಉಪ್ಪು ಕೊಡಿ ಸಾರು ಕೊಡಿ ಅಂದುಕೊಂಡು ಉಂಡೆವು. ಗೊತ್ತಿಲ್ಲದೆ ಇದ್ದವಳು ನೀನೊಬ್ಬಳೇ. ನೀನು ಅಲ್ಲಿ ಕೂತು ಎಳೆ ಕಡಿದದ್ದು ನಿನ್ನಿಂದಲೇ ಅಂದುಕೊಂಡಿರುತ್ತೀಯ ಅಂತ ಯೋಚನೆ ಬಂದಾಗಲೆಲ್ಲ ನಾನು ಎದ್ದು ಹೋಗಿ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದೆ. ಈಗ ಆ ಮಗ್ಗ ಎಣ್ಣೆಯಲ್ಲೇ ಮುಳುಗಿದೆ.

ಮೊನ್ನೆ ಗುರುವಾರ ನಾನೇ ನಿನ್ನ ಹಳೇ ಶಾಲೆಗೆ ಹೋದೆ. ಹೆಡ್ ಮೇಷ್ಟ್ರು ಏನೇನೋ ಕೇಳಿದರು, ನನಗೆ ಕೇಳಿಸಲಿಲ್ಲ. ನಿಮ್ಮಪ್ಪ ಬರೆದುಕೊಟ್ಟ ಅರ್ಜಿಯನ್ನು ಮುಂದಿಟ್ಟೆ. ಟಿಸಿ ಕೊಟ್ಟರು. ಈ ಕವರಿನಲ್ಲಿದೆ. ಕೊಡಬೇಕು ಅನ್ನಿಸಿದರೆ ಆ ಶಾಲೆಗೆ ಕೊಡು. ಬೇಡ ಅನ್ನಿಸಿದರೆ ಇಟ್ಟುಕೊಂಡು ಬಾ. ನನ್ನ ಆಸೆ ಏನು ಅಂತ ಬರೆಯುವುದಿಲ್ಲ. ಅದನ್ನು ಬರೆದರೆ ಮತ್ತೊಂದು ದಾರ ಬಿಗಿದ ಹಾಗಾಗುತ್ತದೆ.

ರಟ್ಟೂ ಇದೆ. ಅಕ್ಷತ ನಾಲ್ಕು ನಿಯಮ ಬರೆದಿದ್ದಾಳೆ. ಅನುಮಾನವಿದ್ದರೆ ಮಾತ್ರ ಬೀಜ. ಎರಡೋ ಅದಕ್ಕಿಂತ ಹೆಚ್ಚೋ ಬಿಳಿ ಬಿದ್ದರೆ ಆಯಿತು. ಒಂದೇ ಬಿಳಿಯಾದರೆ ಏನಾದರೂ ಹೋಗಿ ಆಯಿತು. ನಾಲ್ಕೂ ಕಪ್ಪಾದರೆ ಎಳೆ ಕಡಿಯಿತು, ಎಲ್ಲರೂ ಗಂಟು ಹಾಕಬೇಕು. ಐದನೆಯದನ್ನು ನಾನೇ ಬರೆದಿದ್ದೇನೆ, ಅಕ್ಷರ ಸೊಟ್ಟಗಿದೆ: ನಿಲ್ಲಿಸಿ ಅಂತ ಯಾರು ಅಂದರೂ ಆಟ ನಿಲ್ಲಬೇಕು, ಅದಕ್ಕೆ ಯಾರೂ ಅಡ್ಡ ಕಟ್ಟಬಾರದು.

ಹಳದಿ ದಾರ ಕಿಟಕಿಯ ಮೇಲೇ ಇದೆ. ನಾನು ತೆಗೆಯುವುದಿಲ್ಲ.

ಆಶೀರ್ವಾದ.

ಕೋದಂಡರಾಮಯ್ಯ


ಅರಿಶಿನಕುಂಟೆ
29 ಆಗಸ್ಟ್ 2024, ಗುರುವಾರ

ಮಾವನವರಿಗೆ,

ಭಾನುಪ್ರಿಯಾ ಮಾಡುವ ನಮಸ್ಕಾರ. ಇವರು ಕೆಲಸದ ಮೇಲೆ ನೆಲಮಂಗಲಕ್ಕೆ ಬಂದಿದ್ದರು, ಇವರ ಕೈಲೇ ಕಳಿಸುತ್ತಿದ್ದೇನೆ.

ನಿಮ್ಮ ಕಾಗದವನ್ನು ಮೇಘನ ನನಗೆ ಓದಲು ಕೊಟ್ಟಿಲ್ಲ. ಓದಿ ಮಡಿಸಿ ಸ್ಕೂಲ್ ಬ್ಯಾಗಿನೊಳಗೆ ಇಟ್ಟುಕೊಂಡಳು. ಆಮೇಲೆ ನಾನು ಹತ್ತಿರ ಹೋದಾಗ, "ಅಮ್ಮ, ಎಳೆ ಕಡಿದಿದ್ದು ನನ್ನಿಂದ ಅಲ್ಲ" ಅಂದಳು. ಅಷ್ಟೇ. ಎರಡು ದಿನ ಜ್ವರ ಬಂದವಳ ಹಾಗೆ ಮಲಗಿದ್ದಳು, ಮೈ ಮುಟ್ಟಿದರೆ ತಣ್ಣಗಿತ್ತು.

ಟಿಸಿ ಅವಳ ಹತ್ತಿರವೇ ಇದೆ. ಕೊಟ್ಟಿಲ್ಲ, ಕೊಡುವುದಿಲ್ಲ ಅಂತಲೂ ಹೇಳಿಲ್ಲ. ಶನಿವಾರ ಕೊನೆಯ ದಿನ. ನಾನು ಕೇಳುತ್ತಿಲ್ಲ. ನೀವೂ ಕೇಳಬೇಡಿ.

ನನ್ನ ಮನಸ್ಸಿನಲ್ಲೂ ಕೆಲವು ಮಾತಿದೆ. ಅದನ್ನು ಇನ್ನೊಂದು ದಿನ ನಿಮ್ಮೆದುರು ಕೂತು ಹೇಳುತ್ತೇನೆ. ನಿಧಾನವಾಗಿ ಹೇಳುತ್ತೇನೆ, ನೀವು ನನ್ನ ತುಟಿ ನೋಡಿಕೊಂಡು ಕೇಳಿಸಿಕೊಳ್ಳಿ. ಅತ್ತೆಯವರಿಗೆ ಮಂಡಿ ನೋವಿನ ಮಾತ್ರೆ ಮರೆಯದೆ ಕೊಡಿ.

ಭಾನುಪ್ರಿಯಾ


ಅರಿಶಿನಕುಂಟೆ
1 ಸೆಪ್ಟೆಂಬರ್ 2024

ತಾತ,

ಟಿಸಿ ಕೊಟ್ಟುಬಿಟ್ಟೆ. ನಿನ್ನೆ, ಕೊನೇ ಪೀರಿಯಡ್ ಆದ ಮೇಲೆ.

ನಿನ್ನ ಮೇಲಿನ ಸಿಟ್ಟಿಗೆ ಅಲ್ಲ. ಸಿಟ್ಟು ಇದೆ, ಅದು ಬೇರೆ. ಇಲ್ಲಿ ಅಮ್ಮ ಮೆಲ್ಲಗೆ ಮಾತಾಡ್ತಾಳೆ. ಅಡುಗೆ ಮಾಡ್ತಾ ಹಾಡು ಹೇಳ್ತಾಳೆ. ಅಮ್ಮಂಗೆ ಹಾಡು ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.

ಕ್ಲಾಸಲ್ಲಿ ಒಬ್ಬಳು ನನ್ನ ಬ್ಯಾಗಿನಲ್ಲಿ ರಟ್ಟು ನೋಡಿ ಇದೇನು ಅಂದಳು. ಹೇಳಿದೆ. ಐದೇ ನಿಯಮನಾ ಅಂದಳು. ಪುಸ್ತಕ ಇದ್ದಿದ್ದರೆ ಎದ್ದು ಹೋಗ್ತಿದ್ದಳು ಅನ್ಸುತ್ತೆ. ಇದನ್ನು ಬರೆಯೋಕೆ ನನಗೆ ಇಷ್ಟ ಇಲ್ಲ, ಆದರೂ ಬರೆದೆ. ನಾಳೆ ಊಟದ ಹೊತ್ತಲ್ಲಿ ಆಡೋಣ ಅಂದಿದಾಳೆ. ನನಗೆ ಭಯ ಆಗ್ತಿದೆ.

ಗೌರಿ ಹಬ್ಬಕ್ಕೆ ಬರಲ್ಲ. ದಸರಾ ರಜೆಗೆ ಬರ್ತೀನಿ.

ಮಿಂಚುಳ್ಳಿಯ ವಿಷಯ. ಬೀಜ ನಿನ್ನ ಹತ್ತಿರ ಇದೆ. ಅಕ್ಷತಾ ಮತ್ತೆ ಅಮರ್‌ನ ಕೂರಿಸಿಕೊಂಡು ನೀನೇ ಹಾಕು. ಏನು ಬಿತ್ತೋ ಅದನ್ನೇ ಬರಿ. ಸುಳ್ಳು ಬರೀಬೇಡ. ನಿನ್ನದೇ ನಿಯಮ, ನೀನೂ ಆಟದಲ್ಲಿ ಇದ್ದೀಯ.

ಮೇಘನ


ದೊಡ್ಡಬಳ್ಳಾಪುರ
8 ಸೆಪ್ಟೆಂಬರ್ 2024, ಭಾನುವಾರ

ಮೇಘನ,

ಟಿಸಿ ಕೊಟ್ಟದ್ದು ಓದಿ ನಿಮ್ಮಜ್ಜಿ ಒಳಗೆ ಹೋದಳು. ನಾನು ಹೋಗಲಿಲ್ಲ. ನಿನ್ನ ಕಾಗದ ಮುಗಿದಿರಲಿಲ್ಲ.

ಇವತ್ತು ಬೆಳಿಗ್ಗೆ ಅಕ್ಷತಾಳನ್ನೂ ಅಮರನನ್ನೂ ಕರೆಸಿದೆ. ಕರೆಂಟ್ ಇತ್ತು, ಎರಡನೇ ನಂಬರ್ ಮಗ್ಗ ಓಡುತ್ತಿತ್ತು. ಅಟ್ಟದ ಮೆಟ್ಟಿಲು ಹತ್ತಲು ನನಗೆ ಆಗದೆ ನೆಲದಲ್ಲೇ ಚಾಪೆ ಹಾಕಿದೆವು. ಸೇತುವೆಯ ಸುಟ್ಟ ಹಾಳೆಯನ್ನು ನಡುವೆ ಇಟ್ಟೆವು. ಅಕ್ಷತ ಹಾಳೆಯ ಅಂಚಿನಲ್ಲಿ, ಸುಟ್ಟು ಕಪ್ಪಾದ ಕಡೆ, ಬೆರಳಿಟ್ಟು "ಇಲ್ಲಿದೀನಿ" ಅಂತ ತೋರಿಸಿದಳು.

ಬೀಜಗಳನ್ನು ಅಂಗೈಗೆ ತಗೊಂಡೆ. ಹಾಕಿದೆ.

ನಾಲ್ಕೂ ಕಪ್ಪು.

ಸುಳ್ಳು ಬರೆಯಬೇಡ ಅಂದೆ, ಬರೆಯುತ್ತಿಲ್ಲ. ನೂರರಲ್ಲಿ ಏಳು ಸಲ ಬೀಳುವುದು ಇವತ್ತೇ ಬಿತ್ತು. ಅಮರ ಬೀಜಗಳನ್ನು ನೋಡಿ, ನನ್ನ ಮುಖ ನೋಡಿ, ಇನ್ನೊಂದು ಸಲ ಹಾಕಿ ಅಂತ ಸನ್ನೆ ಮಾಡಿದ. ಇಲ್ಲ ಅಂತ ತಲೆ ಆಡಿಸಿದೆ. ನಿಯಮ ನಿಯಮವೇ. ಎಳೆ ಕಡಿಯಿತು ಅಂದೆ.

ಆಟದಲ್ಲಿ ಅಮರ ಮಂತ್ರವಾದಿ. ಅವನ ಹತ್ತಿರ ಒಂದು ಕೋಲು ಇದೆಯಂತೆ, ಅದಿಲ್ಲದಿದ್ದರೆ ಅವನು ಬರೀ ಮುದುಕ. ಬಹಳ ಹೊತ್ತು ಉಗುರು ಕಚ್ಚುತ್ತಾ ಕೂತ. ಅವನು ಕೊಡುವುದಿಲ್ಲವೇನೋ ಅಂದುಕೊಂಡೆ. ಆಮೇಲೆ ಕೋಲು ಕೊಟ್ಟ. ಕಣಿವೆಗೆ ಅಡ್ಡ ಇಟ್ಟ. ಅಕ್ಷತ ಮಿಂಚುಳ್ಳಿಯ ಬೂಟು ಕೊಟ್ಟಳು, ಸದ್ದಿಲ್ಲದೆ ನಡೆಯುವ ಬೂಟಂತೆ. ಇನ್ನು ಮೇಲೆ ಅವಳು ಬಂದರೆ ಎಲ್ಲರಿಗೂ ಕೇಳಿಸುತ್ತದೆ.

ಇಬ್ಬರೂ ನನ್ನ ಕಡೆ ತಿರುಗಿದರು. ನನಗೆ ಆಟದಲ್ಲಿ ಕತ್ತಿಯಿಲ್ಲ, ಕುದುರೆಯಿಲ್ಲ, ಒಂದು ಹೆಸರೂ ಇಲ್ಲ. ಬಿಟ್ಟರೆ ಸಂಕಟವಾಗುವಂಥದ್ದು ಅಂತ ನಾನೇ ಬರೆದದ್ದು. ಎದ್ದು ಹೋಗಿ ಎರಡನೇ ನಂಬರ್ ಮಗ್ಗದ ಸ್ವಿಚ್ ಆರಿಸಿದೆ. ಇನ್ನು ಭಾನುವಾರ ಈ ಮನೆಯಲ್ಲಿ ಮಗ್ಗ ಓಡುವುದಿಲ್ಲ ಅಂದೆ. ಕರೆಂಟ್ ಹೋಗಲಿ ಅಂತ ನೀವು ಕಾಯಬೇಕಾಗಿಲ್ಲ. ನಿಮ್ಮಪ್ಪ ಬಾಗಿಲಲ್ಲಿ ನಿಂತಿದ್ದ. ಮದುವೆ ಕಾಲದಲ್ಲೂನಾ ಅಂತ ಕೇಳಿದ. ಅದೂ ನನಗೆ ಅವನ ತುಟಿಯಲ್ಲೇ ತಿಳಿಯಿತು. ಹೂಂ ಅಂದೆ.

ಮಗ್ಗ ನಿಂತದ್ದು ನನಗೆ ಕಿವಿಯಿಂದ ಗೊತ್ತಾಗುವುದಿಲ್ಲ, ಪಾದದಿಂದ ಗೊತ್ತಾಗುತ್ತದೆ. ನೆಲ ಅದುರುವುದು ನಿಂತಿತು. ಮಕ್ಕಳಿಬ್ಬರೂ ಪಿಸುಮಾತಾಡಿಕೊಂಡರು. ಅಡುಗೆಮನೆಯಿಂದ ನಿಮ್ಮಜ್ಜಿ ಬಂದು ಹಬ್ಬದ ಕಡುಬು ಇಟ್ಟು, ತಾನೂ ಚಾಪೆಯ ತುದಿಯಲ್ಲಿ ಕೂತಳು.

ಗಂಟು ಬಿದ್ದಿದೆ. ಮಿಂಚುಳ್ಳಿ ಆಚೆ ದಡಕ್ಕೆ ಬಂದಿದ್ದಾಳೆ, ಬರಿಗಾಲಲ್ಲಿ. ಅಲ್ಲಿ ಏನಿದೆ ಅಂತ ಇವರು ನನ್ನನ್ನು ಕೇಳುತ್ತಿದ್ದಾರೆ. ಆ ಅರ್ಧ ಹಾಳೆಯನ್ನು ಸುಟ್ಟವನು ನಾನು, ನನ್ನನ್ನು ಕೇಳಿದರೆ ಏನು ಹೇಳಲಿ. ಮೇಘನ ಹೇಳಬೇಕು ಅಂದೆ. ದಸರಾವರೆಗೆ ಕಾಯುತ್ತೇವೆ ಅಂದರು.

ನಿನ್ನ ಶಾಲೆಯ ಆ ಹುಡುಗಿ ಸೋಮವಾರ ಆಡಲು ಬಂದಳೋ ಇಲ್ಲವೋ, ನೀನು ಇನ್ನೂ ಬರೆದಿಲ್ಲ. ನನಗೆ ಈಗ ಮಿಂಚುಳ್ಳಿಯ ಚಿಂತೆ ಬಿಟ್ಟು ಅದು ಹತ್ತಿಕೊಂಡಿದೆ. ನಿಮಗೂ ಬೀಜ ಬೇಕಲ್ಲ, ಬೇರೆ ನಾಲ್ಕು ಉಜ್ಜಿ ಇದರಲ್ಲಿ ಇಟ್ಟಿದ್ದೇನೆ.

ನಿನ್ನ ತಾತ